ಕೊಡಗಿನ ಮಳೆಗಾಲಕ್ಕೆ ಯಾವ ಗೊರಕೆ ಸಾಧನ?

ಗೊರಕೆ ಎಲ್ಲಿಂದ ಹೊರಡುತ್ತಿದೆ ಎಂದು ನೋಡದೆ ಸಾಧನ ಕೊಂಡರೆ ದುಡ್ಡು ದಂಡ. ಮೊದಲು ಮನೆಯವರನ್ನು ಕೇಳಿ: ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ತಟ್ಟನೆ ಏದುಸಿರು ಬರುತ್ತದೆಯೇ? ಹಗಲಲ್ಲಿ ಕೂತಲ್ಲೇ ನಿದ್ದೆ ತೂಗುತ್ತದೆಯೇ? ಹಾಗಿದ್ದರೆ ಅಂಗಡಿಗೆ ಹೋಗುವ ಮುನ್ನ ಇಎನ್‌ಟಿ ಅಥವಾ ಶ್ವಾಸಕೋಶ ವೈದ್ಯರಿಗೆ ತೋರಿಸಿ ನಿದ್ರಾ ಪರೀಕ್ಷೆ ಮಾಡಿಸಿ. ಗಂಟೆಗೆ 5ಕ್ಕಿಂತ ಕಡಿಮೆ ಸಲ ಉಸಿರು ತಡೆದರೆ ಸಾಮಾನ್ಯ. 30 ದಾಟಿದರೆ ತೀವ್ರ ಸ್ಲೀಪ್ ಆಪ್ನಿಯ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ.

ಮೂಗಿನ ಮೇಲೆ ಅಂಟಿಸುವ ಪಟ್ಟಿ ಎಲ್ಲಕ್ಕಿಂತ ಅಗ್ಗ. ನಿಮಗೆ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ತಿಳಿಯಬಹುದು. ಮೂಗಿನ ಪಕ್ಕದ ಕೆನ್ನೆಯನ್ನು ಎರಡು ಬೆರಳಿಂದ ಕಿವಿಯ ಕಡೆಗೆ ಮೆಲ್ಲಗೆ ಎಳೆದು ಉಸಿರೆಳೆದುಕೊಳ್ಳಿ. ಸಲೀಸಾಯಿತೇ, ತೆಗೆದುಕೊಳ್ಳಿ. ಏನೂ ಬದಲಾಗದಿದ್ದರೆ ಬೇಡ. ಮೂಗಿನ ಎಲುಬಿನ ಮೇಲೆ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅದು ಕೂರಬೇಕಾದ್ದು ಹೊಳ್ಳೆ ಅಗಲವಾಗುವ ಮೆತ್ತನೆಯ ಜಾಗದಲ್ಲಿ. ಕಕ್ಕಡದ (ಕೊಡಗಿನ ಮಳೆ ತಿಂಗಳು) ತೇವಕ್ಕೆ, ಎಣ್ಣೆ ಮುಖಕ್ಕೆ ಅಂಟು ನಿಲ್ಲುವುದಿಲ್ಲ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ ಅಂಟಿಸಿ. ಪೊಟ್ಟಣವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಬರುವ ಗೊರಕೆಗೆ ಪಟ್ಟಿ ಏನೂ ಮಾಡದು. ಮಗ್ಗುಲಾಗಿ ಮಲಗುವುದನ್ನು ಮೊದಲು ಅಭ್ಯಾಸ ಮಾಡಿ. ಬೆನ್ನ ಹಿಂದೆ ಗಟ್ಟಿ ದಿಂಬು ಇಟ್ಟರೂ ಸಾಕು. ರಾತ್ರಿ ಮದ್ಯ ಕುಡಿದರೆ ಗಂಟಲ ಸ್ನಾಯು ಸಡಿಲವಾಗುತ್ತದೆ, ಆಗ ಗೊರಕೆ ಹೆಚ್ಚುತ್ತದೆ.

ಇಷ್ಟಕ್ಕೂ ನಿಲ್ಲದಿದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಮೌತ್‌ಪೀಸ್. ಉಸಿರು ನಿಲ್ಲದ ಗೊರಕೆಗೆ ನಮ್ಮ ಮೊದಲ ಆಯ್ಕೆ ಇದೇ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ಬಗೆ ಅಗ್ಗ, ಆದರೆ ಮಡಿಕೇರಿಯ ಎತ್ತರದಲ್ಲಿ ನೀರು 100 ಡಿಗ್ರಿಗಿಂತ ಸುಮಾರು 4 ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ, ಚಳಿಗೆ ಬೇಗ ಆರುತ್ತದೆ. ಹಲ್ಲಿನ ಗುರುತು ಆಳವಾಗಿ ಮೂಡದಿದ್ದರೆ ಕಾರಣ ಇದೇ. ಹೊಸದಾಗಿ ನೀರು ಕುದಿಸಿ ಮತ್ತೊಮ್ಮೆ ಮಾಡಿ. ದವಡೆಯನ್ನು ಎಷ್ಟು ಮುಂದೆ ತರಬಲ್ಲಿರೋ ಅದರ ಅರ್ಧದಲ್ಲಿ ಕಚ್ಚಿ. ಹೆಚ್ಚಿಸುವುದಾದರೆ ವಾರಕ್ಕೆ 1 ಮಿಲಿಮೀಟರಿಗಿಂತ ಜಾಸ್ತಿ ಬೇಡ, ಅವಸರ ಮಾಡಿದವರಿಗೇ ಕಿವಿಯ ಮುಂದಿನ ಕೀಲು ನೋಯುವುದು. ಮೊದಮೊದಲು ಜೊಲ್ಲು ಸುರಿಯುತ್ತದೆ, ಅದು ಕಡಿಮೆಯಾಗುತ್ತದೆ. ಕಟ್ಟಿದ ಹಲ್ಲು, ಅಲ್ಲಾಡುವ ಹಲ್ಲು, ದವಡೆ ನೋವು ಇರುವವರು ದಂತವೈದ್ಯರನ್ನು ಕೇಳದೆ ಹಾಕಬಾರದು. ವರ್ಷಗಟ್ಟಲೆ ಹಾಕಿದರೆ ಹಲ್ಲಿನ ಜೋಡಣೆ ಸ್ವಲ್ಪ ಸರಿಯಬಹುದು, ಆದ್ದರಿಂದ ಅಳತೆ ತೆಗೆದು ಮಾಡಿಸಿದ್ದಕ್ಕೆ ಹೆಚ್ಚು ಖರ್ಚಾದರೂ ಅದೇ ಲೇಸು.

ಗಲ್ಲಕ್ಕೆ ಕಟ್ಟುವ ಬೆಲ್ಟ್, ಮೂಗಿಗೆ ಸಿಕ್ಕಿಸುವ ಮ್ಯಾಗ್ನೆಟ್ ಎರಡನ್ನೂ ನಾವು ಶಿಫಾರಸು ಮಾಡುವುದಿಲ್ಲ. ಬಾಯಿಗೆ ಟೇಪ್ ಅಂಟಿಸುವುದಂತೂ ಮೂಗು ಕಟ್ಟಿದ್ದವರಿಗೆ ಅಪಾಯ.

ಆಪ್ನಿಯಕ್ಕೆ ಸಿಪ್ಯಾಪ್ ಯಂತ್ರವನ್ನು (ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವಂಥದ್ದು) ವೈದ್ಯರು ಬರೆದುಕೊಟ್ಟರೆ ಕೊಡಗಿನವರು ಎರಡು ಸಂಗತಿ ನೋಡಿಕೊಳ್ಳಲೇಬೇಕು. ಒಂದು, ಕರೆಂಟು. ಗಾಳಿಗೆ ತೇವ ಕೂಡಿಸುವ ಹ್ಯುಮಿಡಿಫೈಯರ್ ಆಫ್ ಇಟ್ಟರೆ ಯಂತ್ರಕ್ಕೆ ಹಿಡಿಯುವುದು ಬಹಳ ಕಡಿಮೆ, ಮನೆಯ ಸಾಧಾರಣ ಇನ್ವರ್ಟರ್ ರಾತ್ರಿಯಿಡೀ ಎಳೆಯುತ್ತದೆ. ನೀರು ಕಾಯಿಸುವ ಭಾಗವೇ ಬ್ಯಾಟರಿ ತಿನ್ನುವುದು. ಇನ್ನೊಂದು, ಚಳಿಗೆ ಪೈಪಿನೊಳಗೆ ಹಬೆ ನೀರಾಗಿ ಮುಖಕ್ಕೆ ತೊಟ್ಟಿಕ್ಕುವುದು. ಯಂತ್ರವನ್ನು ಮಂಚಕ್ಕಿಂತ ಕೆಳಗಿಡಿ, ಪೈಪಿಗೆ ಬಟ್ಟೆಯ ಕವಚ ಹಾಕಿ, ತೇವದ ಮಟ್ಟ ಇಳಿಸಿ. ಬಿಸಿಯಾಗುವ ಪೈಪ್ ಸಿಗುವ ಮಾಡೆಲ್ ಆದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ತೊಳೆದ ಪೈಪ್ ಒಣಗುವುದಿಲ್ಲ. ಬೆಳಿಗ್ಗೆ ತೂಗುಹಾಕಿ, ಒಳಗೆ ಹನಿ ಉಳಿದಿದ್ದರೆ ಮಲಗುವ ಮುಂಚೆ ಮಾಸ್ಕ್ ಹಾಕದೆ ಯಂತ್ರವನ್ನು ಸ್ವಲ್ಪ ಹೊತ್ತು ಬರಿದೇ ಓಡಿಸಿ. ಫಿಲ್ಟರಿಗೆ ಬೂಷ್ಟು ಹತ್ತಿದರೆ ಒರೆಸಬೇಡಿ, ಬದಲಾಯಿಸಿ.

ಸೆಕೆಂಡ್ ಹ್ಯಾಂಡ್ ಯಂತ್ರ ಕೇಳುವವರು ಬಹಳ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಶಬ್ದ ತಡೆಯುವ ಫೋಮ್ ಪುಡಿಯಾಗುವ ಅಪಾಯದಿಂದ ಹಲವು ಮಾಡೆಲ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಆ ಕಂಪನಿಯ ಹಳೆಯ ಯಂತ್ರವಾದರೆ ಸೀರಿಯಲ್ ನಂಬರ್ ಪರೀಕ್ಷಿಸದೆ ಮುಂಗಡ ಕೊಡಬೇಡಿ.