ವಿಕ್ಷನರಿ: ಪದಗಳ ನೆಂಟಸ್ತಿಕೆ ಹುಡುಕೋರಿಗೆ ಒಳ್ಳೆ ಜಾಗ

ಜರ್ಮನ್‌ನಲ್ಲಿ 'ಗಿಫ್ಟ್' ಅಂದ್ರೆ ವಿಷ. ಯಾಕೆ ಹೀಗೆ ಅಂತ ಇಂಗ್ಲಿಷ್ ವಿಕ್ಷನರಿ (ಪದಗಳ ಮೂಲವನ್ನೂ ಹೇಳುವ ಆನ್‌ಲೈನ್ ನಿಘಂಟು) ತೆರೆದೆ, ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಇಂಗ್ಲಿಷಿನ ಗಿಫ್ಟೂ ಇದೂ 'ಕೊಡು' ಅನ್ನೋ ಒಂದೇ ಬೇರಿನವು. ಗ್ರೀಕಿನ 'ಡೋಸಿಸ್' ಅಂದರೂ ಕೊಡುವುದೇ, ಆಮೇಲೆ ಅದು ಔಷಧದ ಅಳತೆಯಾಯಿತು, ಜರ್ಮನ್ನರು ಅದೇ ದಾರಿ ಹಿಡಿದು 'ಕೊಟ್ಟದ್ದು' ಅನ್ನೋದನ್ನು ನಿಧಾನಕ್ಕೆ ವಿಷ ಮಾಡಿಬಿಟ್ಟರು. ನಮ್ಮಲ್ಲೂ 'ಮದ್ದು ಹಾಕಿದ್ದಾರೆ' ಅಂತಾರೆ, ಅಲ್ವಾ? ಸ್ವೀಡಿಷ್‌ನಲ್ಲಂತೂ ಅದೇ ಪದಕ್ಕೆ ವಿಷ ಅಂತಲೂ ಅರ್ಥ, ಮದುವೆಯಾದವರು ಅಂತಲೂ ಅರ್ಥ. (ಸುಮ್ನೆ ಹೇಳಿದೆ, ನಮ್ಮ ಮನೆಯವರು ಓದದಿದ್ದರೆ ಸಾಕು.)

ಲ್ಯಾಟಿನ್ 'ಹಬೇರೆ', ಜರ್ಮನ್ 'ಹಾಬೆನ್' ನೋಡಿ. ಎರಡರ ಅರ್ಥವೂ ಹೊಂದಿರುವುದು, ನೋಡಲು ಅವಳಿಗಳ ಥರ, ಆದ್ರೆ ನೆಂಟಸ್ತಿಕೆಯೇ ಇಲ್ಲ! ಹಾಬೆನ್‌ಗೆ ಲ್ಯಾಟಿನ್‌ನಲ್ಲಿ ನಿಜವಾದ ನೆಂಟ 'ಕಪೇರೆ', ಅಂದ್ರೆ ಹಿಡಿ. ಜರ್ಮನ್, ಇಂಗ್ಲಿಷ್‌ನಂಥ ಜರ್ಮನಿಕ್ ಭಾಷೆಗಳಲ್ಲಿ ಹಳೇ 'ಕ' 'ಹ' ಆಗಿದೆ, ನಮ್ಮ ಹಳಗನ್ನಡದ 'ಪಾಲ್' 'ಹಾಲು' ಆದ ಹಾಗೆ.

2002ರಿಂದ ಇರುವ ತಾಣ, ದುಡ್ಡಿಲ್ಲ, ಲಾಗಿನ್ ಬೇಕಿಲ್ಲ. ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ಆಧಾರ ಕೊಡದ ಪುಟವನ್ನು ನಾನು ಪೂರ್ತಿ ನಂಬುವುದಿಲ್ಲ. ಅಲ್ಲಿ ಮುಂದೆ ನಕ್ಷತ್ರ (*) ಹಾಕಿದ ಪದಗಳು ಪಂಡಿತರು ಊಹಿಸಿ ಕಟ್ಟಿದವು, ಅದು ನೆನಪಿರಲಿ. 5ಕ್ಕೆ 4.