ಪೆನ್ಸಿಲ್ವೇನಿಯಾದ ಚಳಿಗೆ ಕಲ್ಲಿದ್ದಲು ಒಲೆ: ತಗೊಳ್ಳಬಹುದಾ?

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಆಂಥ್ರಸೈಟ್ (ಗಟ್ಟಿ ಜಾತಿಯ ಕಲ್ಲಿದ್ದಲು) ಗಣಿಗಳ ಸೀಮೆಯಲ್ಲಿ. ಕಲ್ಲಿದ್ದಲು ಹತ್ತಿರದಲ್ಲೇ ಸಿಗುತ್ತದಲ್ವಾ, ಅದಕ್ಕೇ ಕೈಯಲ್ಲೇ ತುಂಬುವ ಒಲೆ ಕೊಂಡೆವು. ಶಾಖಕ್ಕೆ ಪೂರ್ತಿ ಅಂಕ.

ಆದರೆ ಸೌದೆ ಒಲೆಯ ಅಭ್ಯಾಸ ಇಲ್ಲಿ ನಡೆಯಲ್ಲ. ಕಲ್ಲಿದ್ದಲು ಕೂರುವ ಜಾಲರಿಯ ಕೆಳಗಿನಿಂದ ಗಾಳಿ ಬರಬೇಕು. ಉಳಿತಾಯ ಅಂತ ಎರಡೇ ಸಲಿಕೆ ಸುರಿದರೆ ಬೇಗ ಆರಿಹೋಗುತ್ತದೆ. ಒಳಗಿನ ಇಟ್ಟಿಗೆಯ ಅಂಚಿನವರೆಗೂ ತುಂಬಿ. ಹೊಸದು ಹಾಕುವಾಗ ಒಂದು ಮೂಲೆಯಲ್ಲಿ ಕೆಂಡ ಕಾಣುವಂತೆ ಬಿಡಬೇಕು. ಅಲ್ಲಿಂದ ನೀಲಿ ಜ್ವಾಲೆ ಎದ್ದು ಅನಿಲವನ್ನು ಸುಡುತ್ತದೆ. ಇಲ್ಲಾಂದ್ರೆ ಅನಿಲ ತುಂಬಿಕೊಂಡು ಒಮ್ಮೆಲೇ ಢಂ ಅನ್ನಬಹುದು! ಮೇಲಿಂದ ಸುಮ್ನೆ ಕೆದಕಬೇಡಿ. ಜಾಲರಿ ಅಲ್ಲಾಡಿಸುವ ಹಿಡಿಕೆಯನ್ನು ಚಿಕ್ಕದಾಗಿ ಆಡಿಸಿ, ಬೂದಿ ತಟ್ಟೆಗೆ ಕೆಂಪು ಕೆಂಡದ ಚೂರು ಬೀಳತೊಡಗಿದ ಕೂಡಲೇ ನಿಲ್ಲಿಸಿ. ಇಷ್ಟು ಮಾಡಿದರೆ ರಾತ್ರಿ ತುಂಬಿದ್ದು ಬೆಳಿಗ್ಗೆವರೆಗೂ ಆರಾಮಾಗಿ ಉರಿಯುತ್ತದೆ.

ನಮ್ಮ ಒಲೆಗೆ 'ನಟ್' ಅನ್ನುವ ಗಾತ್ರದ ಕಲ್ಲಿದ್ದಲು ತುಂಡುಗಳೇ ಸರಿ, 40 ಪೌಂಡಿನ ಚೀಲದಲ್ಲಿ ಸಿಗುತ್ತದೆ. ಬೂದಿ ಮಾತ್ರ ಸೌದೆಗಿಂತ ತುಂಬಾ ಜಾಸ್ತಿ, ಒಲೆಯ ಕಂಪನಿಯವರು ಕೊಟ್ಟಿರುವ ಬೂದಿ ತಟ್ಟೆಯೋ ಅಂಗೈಯಗಲ. ಅದಕ್ಕೇ ಒಂದು ಸ್ಟಾರ್ ಕಟ್. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲದ ಅಲಾರಂ ಹಾಕಿಸದೆ ಹಚ್ಚಲೇಬೇಡಿ.