ಬೌಲೆ ಮುಖವಾಡ ಕೊಳ್ಳುವವರೇ, ದುಡ್ಡು ಕೊಡುವ ಮುಂಚೆ ಹಿಂಬದಿ ನೋಡಿ

ಆನ್‌ಲೈನ್ ಹರಾಜಿನಲ್ಲಿ ದುಬಾರಿ ಬೆಲೆ ತೆತ್ತು ತರಿಸಿದ ಬೌಲೆ ಮುಖವಾಡವೊಂದು ಈಚೆಗೆ ಪರಿಶೀಲನೆಗೆಂದು ನಮ್ಮ ಕೈಗೆ ಬಂತು. ಐವರಿ ಕೋಸ್ಟ್‌ನ ಬೌಲೆ ಜನರ ಎಂಬ್ಲೋ ಕುಣಿತದ್ದು, 1900ರ ಆಸುಪಾಸಿನದು, ಯುರೋಪಿನ ಹಳೆಯ ಸಂಗ್ರಹದಿಂದ ಬಂದದ್ದು ಎಂದು ಮಾರಿದವರ ವಿವರಣೆ. ಎದುರಿನಿಂದ ನೋಡಿದರೆ ಕಣ್ಣಿಗೆ ಹಬ್ಬ: ಇಳಿಬಿದ್ದ ರೆಪ್ಪೆ, ನೀಳ ಮೂಗು, ಎಳೆಎಳೆಯಾಗಿ ಕೆತ್ತಿದ ಜಡೆ, ಹೊಳೆಯುವ ಕಪ್ಪು. ತಿರುಗಿಸಿ ಹಿಡಿದ ಕೂಡಲೇ ಬಣ್ಣ ಬಯಲಾಯಿತು.

ಅಂಚಿನ ತೂತುಗಳೆಲ್ಲ ಒಂದೇ ಅಳತೆ, ಒಳಮೈ ನುಣುಪು. ಡ್ರಿಲ್ ಹಾಕಿದ್ದಾರೆ. ಕೈಯಿಂದ ಕೊರೆದ, ಇಲ್ಲವೇ ಕಾದ ಕಬ್ಬಿಣದಿಂದ ಸುಟ್ಟ ತೂತುಗಳು ಅಷ್ಟು ಸರಿಸಮ ಇರುವುದಿಲ್ಲ. ಕುಣಿಯುವಾಗ ಬಟ್ಟೆಯನ್ನೂ ನಾರನ್ನೂ ಆ ತೂತುಗಳಿಗೇ ಬಿಗಿಯುವುದರಿಂದ ದಾರ ಎಳೆದ ಕಡೆಗೆ ಅಂಚು ಸವೆದು ತೂತು ಕೊಂಚ ಉದ್ದವಾಗುತ್ತದೆ. ಇಲ್ಲಿ ಒಂದರಲ್ಲೂ ಆ ಸವೆತವಿಲ್ಲ.

ಒಳಭಾಗವಂತೂ ಪೂರ್ತಿ ಮರಳುಕಾಗದ ಉಜ್ಜಿ, ಒಂದೇ ಸಮ ಕಪ್ಪು ಬಳಿದದ್ದು. ನಿಜವಾಗಿ ಕುಣಿದ ಮುಖವಾಡದಲ್ಲಿ ಹಣೆ, ಕೆನ್ನೆಮೂಳೆ, ಗದ್ದ ತಾಗುವ ಜಾಗ ಬೆವರು ಕುಡಿದು ಕಪ್ಪಾಗಿ ಮಿರುಗುತ್ತದೆ. ಚರ್ಮ ತಾಗದ ತಗ್ಗುಗಳಲ್ಲಿ ಬಾಚಿಯ ಏಟಿನ ಗುರುತು ಹಾಗೇ ಉಳಿದಿರುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒದ್ದೆ ಹತ್ತಿ ಮೆಲ್ಲಗೆ ಒತ್ತಿದರೆ ಕಂದು ಬಣ್ಣ ಇಳಿಯಿತು, ಜೊತೆಗೆ ಬೂಟ್ ಪಾಲಿಶ್ ವಾಸನೆ. ಹೊಸ ಮರಕ್ಕೆ ವಯಸ್ಸು ಬರಿಸಲು ಪಾಲಿಶ್, ಪೊಟ್ಯಾಸಿಯಂ ಪರ್ಮಾಂಗನೇಟ್, ಹೊಗೆ ಎಲ್ಲವನ್ನೂ ಬಳಸುತ್ತಾರೆ. ಆದರೆ ಈ ಹತ್ತಿ ಪರೀಕ್ಷೆಯೊಂದನ್ನೇ ನಂಬಬೇಡಿ. ಬಿಳಿ ಜೇಡಿ, ಗಿಡದ ಬಣ್ಣಗಳು ಅಸಲಿಯಲ್ಲೂ ಕೈಗೆ ಅಂಟುತ್ತವೆ. ಮುಂಭಾಗದಲ್ಲಂತೂ ಪ್ರಯೋಗ ಬೇಡವೇ ಬೇಡ.

ಮುಖವಾಡದ ಜೊತೆ, ಮರದ ವಯಸ್ಸು ಅಳೆಯುವ ಇಂಗಾಲ (ಕಾರ್ಬನ್-14) ಪರೀಕ್ಷೆಯ ಪ್ರಮಾಣಪತ್ರವೂ ಇತ್ತು. ಕೊಂಡವರು ಬೆಲೆ ಕೊಟ್ಟದ್ದು ಅದನ್ನು ನಂಬಿಯೇ. ಸುಮಾರು 1650ರಿಂದ 1950ರ ನಡುವೆ ಬೆಳೆದ ಮರಕ್ಕೆ ಈ ಪರೀಕ್ಷೆ ಒಂದೇ ಕಾಲ ತೋರಿಸುವುದಿಲ್ಲ, ಹಲವು ಕಾಲಾವಧಿಗಳನ್ನು ಮುಂದಿಡುತ್ತದೆ. ಮಾರುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಅದೂ ಮರ ಬೆಳೆದ ಕಾಲ, ಕೆತ್ತಿದ ಕಾಲವಲ್ಲ. ಹಳೆಯ ತೊಲೆಯಲ್ಲಿ ನಿನ್ನೆ ಕೆತ್ತಿದರೂ ಪ್ರಮಾಣಪತ್ರ ಸಿಗುತ್ತದೆ. 1950ರ ದಶಕದ ಮಧ್ಯದ ಅಣುಬಾಂಬ್ ಪರೀಕ್ಷೆಗಳ ನಂತರ ಬೆಳೆದ ಮರವನ್ನು ಗುರುತಿಸುವುದಕ್ಕೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ.

ಅದೇ ಮಾರಾಟಗಾರರ ಪಟ್ಟಿಯಲ್ಲಿ ‘18ನೇ ಶತಮಾನದ ಬೌಲೆ ಗೋಲಿ’ ಎಂಬ ಮುಖವಾಡ ಕೂಡ ಇತ್ತು. ತಟ್ಟೆಯಂಥ ದುಂಡು ಮುಖ, ಮೇಲೆ ಕೊಂಬು ಇರುವ ಕ್ಪ್ಲೆ ಕ್ಪ್ಲೆ ಮುಖವಾಡ ಗೋಲಿ ಕುಣಿತದ್ದು. ಆ ಕುಣಿತವನ್ನು ಬೌಲೆಯವರು ನೆರೆಯ ವಾನ್ ಜನರಿಂದ ಪಡೆದದ್ದೇ 20ನೇ ಶತಮಾನದ ಆರಂಭದ ಹೊತ್ತಿಗೆ. ಇತಿಹಾಸದ ಇಷ್ಟು ತಿಳಿವಳಿಕೆ ಇದ್ದರೂ ಸಾಕು, ಅರ್ಧ ಮೋಸ ತಪ್ಪುತ್ತದೆ. ಪ್ರತಿಮೆಗಳಲ್ಲೂ ಹೀಗೆಯೇ: ಪರಲೋಕದ ಸಂಗಾತಿ ಎನ್ನುವ ಬ್ಲೋಲೋ ಪ್ರತಿಮೆಗಳು ಸಾಮಾನ್ಯವಾಗಿ ಕೈಯಾಡಿ ನುಣುಪಾಗಿರುತ್ತವೆ, ಕೋಳಿರಕ್ತ, ಮೊಟ್ಟೆಯ ಅರ್ಪಣೆ ಪದರುಗಟ್ಟಿರುವುದು ಕಾಡಿನ ಭೂತಗಳಾದ ಆಸಿಯೆ ಉಸುವಿನ ಪ್ರತಿಮೆಗಳ ಮೇಲೆ. ಅಂಟು, ಮಣ್ಣು ಮೆತ್ತಿದ ‘ಬ್ಲೋಲೋ’ ಕಂಡರೆ ಅನುಮಾನಿಸಿ.

ಕೊಂಡ ಮುಖವಾಡದ ಜೊತೆಗೇ ಬಂದ, ಮರ ಕೊರೆಯುವ ಕುಟ್ಟೆ ಹುಳದ ಕಾಟ ಬೇರೆ. ಮುಖವಾಡದ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೂ ಹಳೆಯ ಧೂಳೆಂದು ಬಿಟ್ಟದ್ದರಿಂದ ಪಕ್ಕದ ಬಿದಿರಿನ ಕಪಾಟಿಗೂ ಹಬ್ಬಿತು. ಆಮೇಲೆ ಸೀಮೆಎಣ್ಣೆ ಸುರಿದರು, ಮೇಲ್ಮೈ ಕಿತ್ತುಬಂತು. ಮರದ ವಸ್ತು ಬಂದ ತಕ್ಷಣ ಕಪ್ಪು ಕಾಗದದ ಮೇಲೆ ಒಂಟಿಯಾಗಿ ಇಡಿ. ಪುಡಿ ಬಿದ್ದರೆ ಎರಡು ಪದರ ಪಾಲಿಥೀನ್‌ನಲ್ಲಿ ಗಾಳಿ ಹಿಂಡಿ ಸುತ್ತಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಬಿಚ್ಚಬೇಡಿ, ಬಿಚ್ಚಿದರೆ ಮರದ ಮೇಲೆ ನೀರು ಹನಿಗಟ್ಟುತ್ತದೆ. ಮೇಲೆ ದಪ್ಪ ಬಣ್ಣವೋ ಅರ್ಪಣೆಯ ಪದರವೋ ಇದ್ದರೆ ಮಾತ್ರ ಸಂರಕ್ಷಣಾ ತಜ್ಞರನ್ನು ಕೇಳದೆ ಫ್ರೀಜರಿಗೆ ಹಾಕಬೇಡಿ.

ಅಸಲಿಯಾದರೂ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. 2011ರ ಚುನಾವಣೋತ್ತರ ಗಲಭೆಯಲ್ಲಿ ಐವರಿ ಕೋಸ್ಟ್‌ನ ಅಬಿಜಾನ್ ನಗರದ ನಾಗರಿಕತೆಗಳ ವಸ್ತುಸಂಗ್ರಹಾಲಯದಿಂದ ನೂರಕ್ಕೂ ಹೆಚ್ಚು ವಸ್ತುಗಳು ಕಳವಾದವು. ದೇಶದಿಂದ ಹೊರಬಂದ ಬಗೆಗೆ ದಾಖಲೆಯಿಲ್ಲದ ಮುಖವಾಡ ಎಷ್ಟೇ ಚೆಂದವಿರಲಿ, ನಮ್ಮ ಮಟ್ಟಿಗೆ ಅದು ಬೇಡ. ಹೊಸದೆಂದು ಹೇಳಿ, ಹೊಸದರ ಬೆಲೆಗೆ ಮಾರುವ ಕೆತ್ತನೆ ಅದಕ್ಕಿಂತ ಎಷ್ಟೋ ಮೇಲು. ಬೌಲೆ ಕುಶಲಿಗರ ಕೈಗೆ ದುಡ್ಡೂ ಸೇರುತ್ತದೆ.

ಕೊಂಡವರಿಗೆ ಹಣ ವಾಪಸು ಬರಲಿಲ್ಲ. ಶೀರ್ಷಿಕೆಯಲ್ಲಿ ‘ಬೌಲೆ’ ಎಂದಿದ್ದರೂ ಷರತ್ತಿನಲ್ಲಿ ಸಣ್ಣಕ್ಷರದಲ್ಲಿ ‘ಬೌಲೆ ಶೈಲಿ’ ಎಂದಿತ್ತು, ಹಿಂದಿರುಗಿಸುವ ಗಡುವೂ ಮುಗಿದಿತ್ತು. ಹಾಗಾಗಿ ಮೊದಲೇ ಹಿಂಬದಿ, ಎರಡೂ ಪಕ್ಕ, ಅಂಚಿನ ತೂತುಗಳ ಫೋಟೋ ತರಿಸಿಕೊಳ್ಳಿ. ಟಾರ್ಚನ್ನು ಓರೆಯಾಗಿ ಹಿಡಿದು ತೆಗೆಯಲು ಹೇಳಿ. ಕಾಲ, ಮೂಲ ಎರಡನ್ನೂ ಬಿಲ್ಲಿನಲ್ಲೇ ಬರೆಸಿ. ಒಳಭಾಗದ ಫೋಟೋ ಕೊಡಲು ಹಿಂದೇಟು ಹಾಕಿದರೆ ಆ ವ್ಯಾಪಾರ ಅಲ್ಲಿಗೇ ಬಿಡಿ.